ಬೆಲೆ ಏರಿದಾಗಲೆಲ್ಲ ಅಳುವವಳು

ಈ ದೇಶದಲ್ಲಿ ಬೆಲೆ ಏರಿದಾಗಲೆಲ್ಲ ನಾನು ಅಳುತ್ತೇನೆ. ಎಣ್ಣೆ ಏರಿದರೆ ಅಳುತ್ತೇನೆ, ಗ್ಯಾಸ್ ಏರಿದರೆ ಅಳುತ್ತೇನೆ, ಈ ಜನ್ಮದಲ್ಲಿ ನಾನು ಕೊಳ್ಳಲಾರದ ಕಾರಿನ ಬೆಲೆ ಏರಿದರೂ ಅಳುತ್ತೇನೆ. ಹಣದುಬ್ಬರದ ಅಂಕಿ ಹೊರಬಿದ್ದ ಸಂಜೆ ಟಿವಿ ಹಾಕಿ ನೋಡಿ. ಮೊದಲು ಕೆಂಪು ಬಾಣವೊಂದು ಸೊಂಯ್ಯನೆ ಮೇಲಕ್ಕೆ ಹಾರುತ್ತದೆ, ಯಾರೋ ಸತ್ತಂಥ ಸಂಗೀತ ಬರುತ್ತದೆ, ಆಮೇಲೆ ನಾನು ಬರುತ್ತೇನೆ. ನೀಲಿ ಸ್ವೆಟರು, ಕೆದರಿದ ಕೂದಲು, ತೋಳಿಗೆ ಜೋತುಬಿದ್ದ ಖಾಲಿ ಚೀಲ, ಹಿಂದೆ ಟೊಮೆಟೊ ರಾಶಿ. ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತೇನೆ, ತಲೆಯಾಡಿಸುತ್ತೇನೆ, ಅಷ್ಟರಲ್ಲಿ ಮುಗಿಯುತ್ತದೆ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಸಂಗ್ರಹ ಚಿತ್ರ’ ಎಂದು ಬರೆದಿರುತ್ತಾರೆ. ಅದನ್ನು ಓದಿದವರನ್ನು ನಾನಿನ್ನೂ ಕಂಡಿಲ್ಲ.

ಅಳು ನನ್ನದೇ, ಇಲ್ಲವೆನ್ನುವುದಿಲ್ಲ. ಆದರೆ ಟೊಮೆಟೊ ಬೆಲೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೊದಲ ಅಂಗಡಿಯ ಮುಂದೆ ಆಗತಾನೇ ನಿಂತಿದ್ದೆ. ಭಾವನ ಫೋನ್ ಬಂತು. “ನಿಮ್ಮಕ್ಕ ಹೋಗ್ಬಿಟ್ಲು ಕಣಮ್ಮ” ಎಂದರು. ನಿಂತಲ್ಲೇ ಅತ್ತೆ. ಚೀಲ ಖಾಲಿ ಇತ್ತು, ಯಾಕೆಂದರೆ ಇನ್ನೂ ಏನನ್ನೂ ಕೊಂಡಿರಲಿಲ್ಲ. ಎಲ್ಲಿಂದಲೋ ಒಂದು ಮೈಕು ಮುಖಕ್ಕೆ ಬಂತು, ಹಿಂದೆಯೇ ಕ್ಯಾಮೆರಾ ಬಂತು, “ಮೇಡಂ, ಬೆಲೆ ತುಂಬಾ ಜಾಸ್ತಿ ಆಗಿದೆಯಾ?” ಎಂದು ಯಾರೋ ಕೇಳಿದರಂತೆ, ನಾನು ತಲೆಯಾಡಿಸಿದೆನಂತೆ. ನನಗೆ ನೆನಪಿಲ್ಲ. ಆಗ ಯಾರಾದರೂ ನಿಮ್ಮ ಮೂಗು ಕೊಡುತ್ತೀರಾ ಎಂದು ಕೇಳಿದ್ದರೂ ತಲೆಯಾಡಿಸುತ್ತಿದ್ದೆ. ಫೋನ್ ಹಿಡಿದಿದ್ದ ಬಲಗೈಯನ್ನು ಚಿತ್ರದಿಂದ ಹೊರಗಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಕಟ್ಟಿದರು ನನ್ನನ್ನು.

ಅಂದಿನಿಂದ ನನ್ನ ಹೆಸರು ಹಣದುಬ್ಬರದಕ್ಕ. ನಾನು ದುಡಿಯುವುದು ಹಿತ್ತಾಳೆ ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ, ಅಲ್ಲಿನ ಕ್ಯಾಂಟೀನು ನನ್ನ ಗುತ್ತಿಗೆ. ಗಂಡನಿಗೂ ಅಲ್ಲೇ ಕೆಲಸ. ತಯಾರಾದ ನಲ್ಲಿಗಳಿಗೆ ನೀರು ಹಾಯಿಸಿ ಸೋರುತ್ತದೋ ಇಲ್ಲವೋ ನೋಡುತ್ತಾರೆ. “ಮನೇಲಿ ಅಂಥಾ ಸೋರೋ ನಲ್ಲಿ ಇಟ್ಕೊಂಡು ಇಲ್ಲಿ ನಮ್ಮ ನಲ್ಲಿಗೆ ತಪ್ಪು ಹುಡುಕ್ತೀಯಲ್ಲೋ” ಎಂದು ಪಾಲಿಶ್ ವಿಭಾಗದವರು ಅವರನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಅವರು ನಕ್ಕು ಸುಮ್ಮನಾಗುತ್ತಾರೆ. ನಾನಾಗಿದ್ದರೆ ಆ ನಲ್ಲಿಯಿಂದಲೇ ತಲೆಗೆ ಒಂದು ಕೊಡುತ್ತಿದ್ದೆ.

ನಗೆಯಾಡಿದ್ದಕ್ಕೆ ಬೇಜಾರಿಲ್ಲ. ಮರುಕಪಡುವವರದ್ದೇ ಕಾಟ. ದೂರದ ಊರಿನ ಚಿಕ್ಕಮ್ಮ ಒಂದು ಮೂಟೆ ಹಳೇ ಬಟ್ಟೆ ಕಳಿಸಿದರು, ಅದರಲ್ಲಿ ಒಂಟಿ ಕಾಲುಚೀಲವೂ ಇತ್ತು. ಮನೆ ಮಾಲೀಕ ತಿಂಗಳು ಮುಗಿಯುವ ಮೊದಲೇ ಬಾಗಿಲಲ್ಲಿ ನಿಂತು “ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ” ಎನ್ನುತ್ತಾನೆ. ಪಕ್ಕದ ಮನೆಯಾಕೆಯ ಬಾಗಿಲು ತಟ್ಟಿದರೆ ಒಳಗೆ ಸಕ್ಕರೆ ಡಬ್ಬಿಯ ಮುಚ್ಚಳ ಬೀಳುವ ಸದ್ದು ಕೇಳುತ್ತದೆ. ಇವೆಲ್ಲವನ್ನೂ ನುಂಗಿಕೊಂಡೇನು. ನುಂಗಲಾರದ್ದು ಒಂದೇ. ಪ್ರತಿ ತಿಂಗಳು ಅಂಕಿ ಹೊರಬಿದ್ದ ಸಂಜೆ ಆ ಹೆಂಗಸು ಪರದೆಯ ಮೇಲೆ ಬಂದು ಕಣ್ಣೊರೆಸಿಕೊಂಡಾಗ ನನ್ನ ಅಕ್ಕ ಮತ್ತೆ ಸಾಯುತ್ತಾಳೆ. ನಾನು ಅನ್ನದ ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತೇನೆ, ಮಗಳು ರಿಮೋಟಿಗೆ ಹುಡುಕಾಡುತ್ತಾಳೆ, ಅಷ್ಟರಲ್ಲಿ ನನ್ನ ಪಾಲಿಗೆ ಭಾವನ ಆ ಫೋನ್ ಮತ್ತೆ ಬಂದುಬಿಟ್ಟಿರುತ್ತದೆ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಒಂದು ರಜೆಯ ದಿನ ಆ ಚಾನೆಲ್ಲಿನ ಕಚೇರಿಗೇ ಹೋದೆ. ಗಾಜಿನ ಬಾಗಿಲಿನ ಕಾವಲುಗಾರ ನನ್ನ ಮುಖ ನೋಡಿ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ತಲೆ ಕೆರೆದುಕೊಂಡು ಒಳಗೆ ಬಿಟ್ಟ. ಟಿವಿಯಿಂದ ನನಗಾದ ಉಪಕಾರ ಅದೊಂದೇ.

ಹಳೆಯ ದೃಶ್ಯಗಳನ್ನೆಲ್ಲ ಕೂಡಿಡುವ ಕೋಣೆಯೊಂದು ಅಲ್ಲಿದೆ. ಅದನ್ನು ನೋಡಿಕೊಳ್ಳುವವನು ಒಳ್ಳೆಯ ಮನುಷ್ಯನೇ. ಕುರ್ಚಿ ಕೊಟ್ಟ, ನೀರು ಕೊಟ್ಟ, ಕನ್ನಡಕ ಏರಿಸಿ ಕಂಪ್ಯೂಟರಿನಲ್ಲಿ ‘ಬೆಲೆ ಏರಿಕೆ’ ಎಂದು ಟೈಪ್ ಮಾಡಿದ. ಪರದೆ ತುಂಬ ಪುಟ್ಟ ಪುಟ್ಟ ಚೌಕಗಳು ಬಂದವು. ಮೊದಲನೆಯ ಚೌಕದಲ್ಲಿ ನಾನಿದ್ದೆ.

“ನೋಡಿ, ನೀವೇ ಫಸ್ಟು” ಎಂದ, ನಾನೇನೋ ಪರೀಕ್ಷೆ ಪಾಸು ಮಾಡಿದ ಹಾಗೆ.

“ತೆಗೆದುಹಾಕಿ ಅದನ್ನ.”

“ತೆಗೆಯೋಕೆ ನಾನ್ಯಾರಮ್ಮ? ಸುದ್ದಿ ಮಾಡೋರು ಯಾವಾಗ್ಲೂ ಅವಸರದಲ್ಲಿ ಇರ್ತಾರೆ. ಇದನ್ನ ಟೈಪ್ ಮಾಡ್ತಾರೆ, ಮೊದ್ಲು ಕಂಡಿದ್ದನ್ನ ಎತ್ಕೋತಾರೆ. ಜಾಸ್ತಿ ಸಲ ಎತ್ಕೊಂಡಿದ್ದೇ ಮತ್ತೆ ಮೊದ್ಲು ಬರುತ್ತೆ.”

“ಬೇರೆ ಏನೂ ಇಲ್ವಾ ನಿಮ್ಮ ಹತ್ರ?”

“ಇದೆ. ತರಕಾರಿ ರಾಶಿ ಇದೆ, ತಕ್ಕಡಿ ಇದೆ, ಪೆಟ್ರೋಲ್ ಬಂಕ್ ಇದೆ. ಆದ್ರೆ ತರಕಾರಿ ಅಳಲ್ಲವಲ್ಲ ತಾಯಿ.”

“ನಾನು ಅತ್ತಿದ್ದು ನಮ್ಮಕ್ಕ ಸತ್ತಿದ್ದಕ್ಕೆ” ಎಂದೆ.

ಅವನು ಕನ್ನಡಕ ತೆಗೆದ. “ಅಯ್ಯೋ” ಎಂದ, ಮನಸ್ಸಿನಿಂದಲೇ ಎಂದ. ಆಮೇಲೆ ಚೌಕದ ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದ. ‘ಮಹಿಳೆ, ಖಾಲಿ ಚೀಲ, ಅಳು, ಬೆಲೆ ಏರಿಕೆ.’ “ಇಲ್ಲಿ ಹಾಗಂತ ಬರೆದಿಲ್ವಲ್ಲ” ಎಂದ.

“ಬೆಲೆ ಇಳಿದಾಗ ಏನ್ ಮಾಡ್ತೀರಾ? ನನ್ನನ್ನ ನಗಿಸಿ ತೋರಿಸ್ತೀರಾ?”

“ಇಳಿದ್ರೆ ಅದು ಸುದ್ದಿ ಅಲ್ವಲ್ಲಮ್ಮ.”

ಬಾಗಿಲವರೆಗೂ ಬಂದು ಬೀಳ್ಕೊಟ್ಟ. ನನಗೆ ಸಮಾಧಾನವಾಗಲಿ ಎಂದೋ ಏನೋ, ಹೊರಡುವ ಹೊತ್ತಿಗೆ ಇನ್ನೊಂದು ಮಾತು ಹೇಳಿದ. “ಹೊರದೇಶದ ಪತ್ರಿಕೆ, ಚಾನೆಲ್ಲಿನವರೂ ತಗೊಂಡಿದಾರೆ ನಿಮ್ಮದನ್ನ. ನಮ್ಮ ದೇಶದ ಸ್ಥಿತಿಗತಿ ಬಗ್ಗೆ ಏನೇ ಬರೀಲಿ, ನಿಮ್ಮ ಫೋಟೋನೇ ಹಾಕೋದು. ಸಾಮಾನ್ಯಾನಾ ಅದು?” ಗಾಯಕ್ಕೆ ಉಪ್ಪು ಸವರುವವರಲ್ಲಿ ಒಳ್ಳೆಯವರೂ ಇರುತ್ತಾರೆ ಎಂದು ಅವತ್ತು ಗೊತ್ತಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬೊಬ್ಬರ ಮುಖ ನೋಡುತ್ತ, ಇವರಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ ಎಂದು ಒದ್ದಾಡಿದೆ. ಸ್ವೆಟರನ್ನು ಆವತ್ತೇ ಪಾತ್ರೆ ಒರೆಸುವ ಬಟ್ಟೆ ಮಾಡಿದೆ.

ನಮ್ಮ ಕಾರ್ಖಾನೆಯ ಮ್ಯಾನೇಜರಿಗೆ ನಾವೆಲ್ಲ ಇಟ್ಟ ಹೆಸರು ತಣ್ಣೀರು. ಯಾರು ಏನು ಕೇಳಿಕೊಂಡು ಹೋದರೂ ತಣ್ಣೀರೆರಚಿ ಕಳಿಸುವುದರಲ್ಲಿ ಎತ್ತಿದ ಕೈ. ಊಟದ ರೇಟು ಏರಿಸಿ, ಈ ರೇಟಿಗೆ ಬೇಳೆಯ ಬದಲು ಬೇಳೆಯ ನೆರಳನ್ನು ಬೇಯಿಸಬೇಕಾಗುತ್ತದೆ ಎಂದು ನಾನು ಎಷ್ಟು ಸಲ ಅವರ ಮೇಜಿನ ಮುಂದೆ ನಿಂತಿದ್ದೇನೋ. ಪ್ರತಿ ಸಲವೂ ಒಂದೇ ಉತ್ತರ.

“ಬೆಲೆ ಎಲ್ಲಮ್ಮ ಏರಿದೆ? ಎಲ್ಲಾ ಟಿವಿಯವರು ಎಬ್ಬಿಸಿರೋ ಗುಲ್ಲು. ನೀವೇ ಅಲ್ಲಿ ನಿಂತು ಅತ್ತು ಅತ್ತು ಏರಿಸ್ತಾ ಇದ್ದೀರಿ.”

ಎಣ್ಣೆ ಡಬ್ಬಿಯನ್ನು ತಂದು ಅವರ ತಲೆಯ ಮೇಲೆ ಸುರಿದುಬಿಡುವಷ್ಟು ಸಿಟ್ಟು ಬರುತ್ತಿತ್ತು. ಎಣ್ಣೆಯ ಬೆಲೆ ನೆನಪಾಗಿ ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಕಾರ್ಖಾನೆಯಲ್ಲಿ ಒಂದು ಸುದ್ದಿ ಹಬ್ಬಿತು. ನಮ್ಮ ನಲ್ಲಿಗಳನ್ನು ಕೊಳ್ಳುವ ಹೊರದೇಶದ ಕಂಪನಿಯ ಮೇಡಂ ಖುದ್ದಾಗಿ ಬರುತ್ತಾರಂತೆ. ಮುಂದಿನ ವರ್ಷದ ಆರ್ಡರ್ ಕೊಡುವುದೋ ಬೇಡವೋ ಎಂಬ ಅನುಮಾನ ಅವರಿಗೆ ಬಂದಿದೆಯಂತೆ. ಅಲ್ಲಿನ ಪತ್ರಿಕೆಗಳಲ್ಲಿ ನಮ್ಮ ದೇಶ ಇವತ್ತೋ ನಾಳೆಯೋ ಮುಳುಗುತ್ತದೆ ಎಂದು ಬರೆಯುತ್ತಿದ್ದಾರಂತೆ. ಆರ್ಡರ್ ಬರದಿದ್ದರೆ ಅರ್ಧ ಜನರಿಗೆ ಮನೆಯ ದಾರಿ. ಪರೀಕ್ಷೆ ವಿಭಾಗಕ್ಕೆ ಎಲ್ಲರಿಗಿಂತ ಮೊದಲು. ಮಾಡದ ನಲ್ಲಿ ಸೋರುವುದಿಲ್ಲವಲ್ಲ.

ತಣ್ಣೀರು ನನ್ನನ್ನು ಕರೆಸಿದರು. ಅವರ ಮೇಜಿನ ಮೇಲೊಂದು ಕಾಗದವಿತ್ತು. ಆ ಮೇಡಂ ಕಳಿಸಿದ ಪತ್ರಿಕೆಯ ಪುಟ. ಮೇಲೆ ನನಗೆ ಓದಲು ಬಾರದ ಭಾಷೆಯ ದೊಡ್ಡ ದೊಡ್ಡ ಅಕ್ಷರ, ಕೆಳಗೆ ಅರ್ಧ ಪುಟದಷ್ಟು ನಾನು. ಅಷ್ಟು ದೊಡ್ಡದಾಗಿ ನನ್ನ ಮುಖವನ್ನು ನಾನೇ ನೋಡಿರಲಿಲ್ಲ. ಮೂಗಿನ ತುದಿಯಲ್ಲಿ ನಿಂತ ಹನಿಯೂ ಕಾಣುತ್ತಿತ್ತು.

“ಆ ದಿನ ನೀವು ಅಡುಗೆಮನೆ ಬಿಟ್ಟು ಈಚೆ ಬರಬಾರ್ದು” ಎಂದರು. “ಮೇಡಂ ಊಟಕ್ಕೆ ಕ್ಯಾಂಟೀನಿಗೇ ಬರ್ತಾರೆ. ಕೆಲಸಗಾರರು ಎಲ್ಲಿ ಉಣ್ತಾರೋ ಅಲ್ಲೇ ಉಣ್ಬೇಕಂತೆ, ಅದೊಂದು ಹಟ. ಬಡಿಸೋಕೆ ಬೇರೆಯವರನ್ನ ಹಾಕಿ. ಅವರೇನಾದ್ರೂ ನಿಮ್ಮನ್ನ ನೋಡಿಬಿಟ್ರೆ ಮುಗೀತು ನಮ್ಮ ಕಥೆ.”

“ನಾನೇನು ಕಳ್ಳಿಯಾ ಸಾರ್, ಬಚ್ಚಿಟ್ಕೊಳ್ಳೋಕೆ?”

“ಕಳ್ಳಿ ಅಲ್ಲಮ್ಮ. ಅಪಶಕುನ.” ಅಂದುಬಿಟ್ಟು, ಅಂದದ್ದು ಹೆಚ್ಚಾಯಿತು ಎನಿಸಿ ಪೆನ್ನಿನ ಮುಚ್ಚಳ ಹುಡುಕಿದರು.

ಮನೆಗೆ ಬಂದು ಗಂಡನ ಮುಂದೆ ಹಾರಾಡಿದೆ. ಅವರು ಸೋರದೇ ಇದ್ದ ನಲ್ಲಿಯನ್ನು ಬಿಗಿಮಾಡುತ್ತ ನಿಂತಿದ್ದರು. ಅವರಿಗೆ ಕಳವಳವಾದಾಗ ಹಾಗೆ ಮಾಡುತ್ತಾರೆ. “ಒಂದಿನ ತಾನೆ, ಒಳಗೇ ಇದ್ಬಿಡು” ಎಂದರು. “ನನ್ನ ವಯಸ್ಸಿಗೆ ಇನ್ನೆಲ್ಲಿ ಕೆಲಸ ಸಿಗುತ್ತೆ ಹೇಳು.” ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡೆ. ಅವತ್ತಿನ ರೊಟ್ಟಿ ಬಹಳ ಮೆತ್ತಗಾಗಿತ್ತು.

ಮೇಡಂ ಬಂದ ದಿನ ಅಡುಗೆಮನೆಯ ಬಾಗಿಲಿಗೆ ಪರದೆ ಕಟ್ಟಿದರು. ಬಡಿಸುವ ಕಿಟಕಿಗೆ ಕ್ಯಾಲೆಂಡರ್ ತೂಗುಹಾಕಿದರು. ನಾನು ಒಳಗೆ ಕೂತು ಈರುಳ್ಳಿ ಹೆಚ್ಚಿದೆ, ಆಲೂಗಡ್ಡೆ ಹೆಚ್ಚಿದೆ, ಏನೂ ಇಲ್ಲದಾಗ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕ್ಯಾಲೆಂಡರಿನ ಅಂಚಿನಿಂದ ಒಂದು ಕಣ್ಣಿಗೆ ಸಾಕಾಗುವಷ್ಟು ಕಾಣುತ್ತಿತ್ತು. ಬೆಳ್ಳಿ ಕೂದಲಿನ ಹೆಂಗಸು, ನನ್ನ ಅಕ್ಕನಿಗಿಂತ ಸ್ವಲ್ಪ ದೊಡ್ಡವರಿರಬಹುದು. ಪಕ್ಕದಲ್ಲಿ ದುಭಾಷಿ ಹೆಂಗಸು, ಎದುರಿಗೆ ನಮ್ಮ ತಣ್ಣೀರು. ಮೇಡಂ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡರು, ಅದೊಂದಕ್ಕೆ ನನಗೆ ಅವರು ಹಿಡಿಸಿದರು.

ಮಾತು ಶುರುವಾಯಿತು. ಮೇಡಂ ಅವರ ಭಾಷೆಯಲ್ಲಿ ಕೇಳುವುದು, ದುಭಾಷಿ ನಮ್ಮ ಭಾಷೆಗೆ ತಿರುಗಿಸುವುದು, ತಣ್ಣೀರು ನಗುನಗುತ್ತ ಉತ್ತರಿಸುವುದು.

“ಇಲ್ಲಿ ಬೆಲೆಗಳೆಲ್ಲ ಕೈಮೀರಿ ಹೋಗಿವೆ ಅಂತ ನಮ್ಮಲ್ಲಿ ಬರೀತಾರೆ. ಕೆಲಸಗಾರರು ಬೀದಿಗೆ ಇಳಿದ್ರೆ ನಮ್ಮ ಮಾಲು ನಿಂತುಹೋಗಲ್ವಾ ಅಂತ ಕೇಳ್ತಿದಾರೆ.”

“ಛೆ ಛೆ, ಪತ್ರಿಕೆಯವರಿಗೆ ಬೇರೆ ಕೆಲಸ ಇಲ್ಲ” ಎಂದರು ತಣ್ಣೀರು. “ಬೆಲೆ ಎಲ್ಲಾ ಅಲ್ಲಲ್ಲೇ ಇದೆ. ಈಗ ನೀವು ಉಂಡಿರಲ್ಲ ಈ ಊಟ, ಇದರ ರೇಟು ಎರಡು ವರ್ಷದಿಂದ ಬದಲಾಗಿಲ್ಲ.”

ಒಳಗೆ ನನ್ನ ಕೈಯಲ್ಲಿದ್ದ ಸೌಟು ತಾನಾಗಿಯೇ ಪಾತ್ರೆಗೆ ಬಡಿಯಿತು. ಹೊರಗೆ ಎಲ್ಲರೂ ಒಮ್ಮೆ ಈ ಕಡೆ ನೋಡಿ ಸುಮ್ಮನಾದರು.

ಮೇಡಂ ಮುಖ ಅರಳಿತು. ಏನೋ ಹೇಳಿದರು, ದುಭಾಷಿ ತಿರುಗಿಸಿದಳು. “ಬಹಳ ಸಂತೋಷ ಅಂತಾರೆ. ಹಾಗಾದ್ರೆ ನಿಮಗೆ ಖರ್ಚು ಹೆಚ್ಚಾಗಿಲ್ಲ. ಮೇಲಾಗಿ ನಿಮ್ಮ ದೇಶದ ಹಣದ ಬೆಲೆ ನಮ್ಮ ಹಣದ ಎದುರು ಬಿದ್ದಿದೆ. ಆದ್ದರಿಂದ ನಲ್ಲಿಯ ರೇಟು ಈ ಸಲ ಇಳಿಸಬೇಕು ಅಂತಾರೆ.”

ತಣ್ಣೀರು ಸಿಕ್ಕಿಬಿದ್ದರು. ಬೆಲೆ ಏರಿದೆ ಎಂದರೆ ದೇಶ ಮುಳುಗುತ್ತಿದೆ ಎಂದು ಹೆದರಿ ಆರ್ಡರ್ ಹೋಗುತ್ತದೆ, ಏರಿಲ್ಲ ಎಂದರೆ ಲಾಭ ಹೋಗುತ್ತದೆ. ಬಿಸಿ ತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಖುಷಿ ಗಂಟಲಿಗೆ ಬರುವಷ್ಟರಲ್ಲಿ ಬೇರೆ ಯೋಚನೆ ಬಂತು. ಇವರು ರೇಟು ಇಳಿಸಿದರೆ ಅದನ್ನು ಸರಿದೂಗಿಸುವುದು ಯಾರ ಸಂಬಳದಿಂದ? ಹಿತ್ತಾಳೆಯವನು ಬಿಟ್ಟುಕೊಡುತ್ತಾನೆಯೇ, ಕರೆಂಟಿನವನು ಬಿಟ್ಟುಕೊಡುತ್ತಾನೆಯೇ? ಹೇಗೆ ಬಿದ್ದರೂ ಕೊನೆಗೆ ನನ್ನ ಮನೆಯವರ ತಲೆಯ ಮೇಲೇ.

ಒಂದು ನಿಮಿಷ ಎಂದು ಹೇಳಿ ತಣ್ಣೀರು ಎದ್ದರು. ಪರದೆ ಸರಿಯಿತು, ಅವರು ಒಳಗೆ ಬಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಹಿಂದೆಯೇ ಹಿತ್ತಲ ಬಾಗಿಲಿನಿಂದ ನನ್ನ ಗಂಡನೂ ಬಂದು ನಿಂತರು, ಕೈಯಲ್ಲೊಂದು ನಲ್ಲಿ ಹಾಗೆಯೇ ಇತ್ತು.

“ಅಕ್ಕಾ” ಎಂದರು ತಣ್ಣೀರು. ಇಷ್ಟು ವರ್ಷದಲ್ಲಿ ಮೊದಲ ಸಲ. “ಸ್ವಲ್ಪ ಹೊರಗೆ ಬರ್ತೀರಾ?”

“ನಾನು ಅಪಶಕುನ ಸಾರ್.”

“ಅದನ್ನ ಮರೀರಿ. ಅವರಿಗೆ ನಮ್ಮ ಕಷ್ಟ ಗೊತ್ತಾಗ್ಬೇಕು. ಖರ್ಚು ಎಷ್ಟು ಏರಿದೆ, ಜನ ಹೇಗೆ ಒದ್ದಾಡ್ತಿದಾರೆ ಅಂತ. ನಾನು ಹೇಳಿದ್ರೆ ಈಗ ನಂಬಲ್ಲ. ನಿಮ್ಮ ಮುಖ ನೋಡಿದ್ರೆ ನಂಬ್ತಾರೆ.” ದನಿ ತಗ್ಗಿಸಿದರು. “ಆಗುತ್ತೆ ಅಂದ್ರೆ... ಸ್ವಲ್ಪ ಅತ್ತುಬಿಡಿ.”

ನಾನು ಸೌಟು ಕೆಳಗಿಟ್ಟೆ.

“ನನ್ನ ಭಾವಮೈದುನ ಆ ಚಾನೆಲ್ಲಿನಲ್ಲೇ ಇರೋದು, ದೊಡ್ಡ ಹುದ್ದೆ” ಎಂದರು. “ಒಂದು ಫೋನ್ ಮಾಡ್ತೀನಿ. ನಾಳೆಯಿಂದ ನಿಮ್ಮ ಮುಖ ಟಿವಿಯಲ್ಲಿ ಬರಲ್ಲ. ಮಾತು ಕೊಡ್ತೀನಿ. ಇದೊಂದು ಸಲ ಅಷ್ಟೇ.”

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ನನ್ನ ಪಾಡು. ಆ ಕೋಣೆಯವನ ಮುಂದೆ ಅಂಗಲಾಚಿದ್ದೆ, ಇಲ್ಲಿ ನೋಡಿದರೆ ಬೀಗದ ಕೈ ಇವರ ಜೇಬಿನಲ್ಲೇ ಇತ್ತು. ಒಂದು ಸಲ ಅತ್ತರೆ ಮುಗಿಯಿತು. ಅಕ್ಕ ಮತ್ತೆ ಮತ್ತೆ ಸಾಯುವುದು ನಿಲ್ಲುತ್ತದೆ. ಕಣ್ಣಲ್ಲಿ ನೀರೂ ಸಿದ್ಧವಾಗಿತ್ತು, ಬೆಳಗಿನಿಂದ ಈರುಳ್ಳಿ ಹೆಚ್ಚಿದವಳು ನಾನು. ಗಂಡನ ಮುಖ ನೋಡಿದೆ. ಅವರು ನಲ್ಲಿಯ ಹಿಡಿಯನ್ನು ತಿರುಗಿಸುತ್ತ, ಮತ್ತೆ ತಿರುಗಿಸುತ್ತ ನಿಂತಿದ್ದರು. ನೀರೇ ಇಲ್ಲದ ನಲ್ಲಿ.

ಕೈ ಒರೆಸಿಕೊಂಡು ಹೊರಗೆ ಬಂದೆ.

ಮೇಡಂ ಕಂಡ ತಕ್ಷಣ ಗುರುತಿಸಿದರು. ಕುರ್ಚಿ ಸರಿಸಿ ಎದ್ದು ನಿಂತು ಒಂದು ಕೈಯನ್ನು ಎದೆಗೆ ಒತ್ತಿಕೊಂಡರು. ದುಭಾಷಿಯ ತೋಳು ಹಿಡಿದು ಗಡಿಬಿಡಿಯಲ್ಲಿ ಏನೇನೋ ಹೇಳಿದರು. ನನ್ನನ್ನು ಯಾರೂ ಹಾಗೆ ಎದ್ದು ನಿಂತು ನೋಡಿರಲಿಲ್ಲ. ಸಿಟ್ಟೂ ಬಂತು, ನಾಚಿಕೆಯೂ ಆಯಿತು.

“ಇವರೇ ನೋಡಿ” ಎಂದು ತಣ್ಣೀರು ಶುರುಮಾಡಿದರು. “ನಮ್ಮ ಜನದ ಪರಿಸ್ಥಿತಿ ಇವರ ಮುಖದಲ್ಲೇ...”

ಮೇಡಂ ಅವರ ಕಡೆ ತಿರುಗಲೂ ಇಲ್ಲ. ನನ್ನನ್ನೇ ಕೇಳಿದರು. ದುಭಾಷಿ ಹೇಳಿದಳು, “ನಿಮ್ಮ ಚಿತ್ರ ನೋಡಿ ಬಹಳ ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ ಅಂತಾರೆ. ಅವತ್ತು ಏನು ತಗೊಳ್ಳೋಕೆ ಹೋಗಿದ್ರಿ ಅಂತ ಕೇಳ್ತಿದಾರೆ.”

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಮೈಕಿನವರು ಕೇಳಿರಲಿಲ್ಲ, ಚಿಕ್ಕಮ್ಮ ಕೇಳಿರಲಿಲ್ಲ, ಮನೆಯವರೂ ಕೇಳಿರಲಿಲ್ಲ.

“ಕಿತ್ತಳೆಹಣ್ಣು” ಎಂದೆ.

“ತುಂಬಾ ದುಬಾರಿ ಆಗಿತ್ತಾ?”

ತಣ್ಣೀರು ನನ್ನ ಕಡೆ ನೋಡಿ ಕಣ್ಣಿನಲ್ಲೇ ಹೂಂ ಅನ್ನಿ ಎಂದರು.

“ಗೊತ್ತಿಲ್ಲ” ಎಂದೆ. “ಕೇಳಲೇ ಇಲ್ಲ. ನಮ್ಮಕ್ಕ ಆಸ್ಪತ್ರೆಯಲ್ಲಿದ್ಲು. ಬಾಯಿಗೆ ಏನೂ ರುಚಿ ಇಲ್ಲ, ಕಿತ್ತಳೆ ತಗೊಂಡು ಬಾ ಅಂದಿದ್ಲು. ಅಂಗಡಿ ಮುಂದೆ ನಿಂತು ಎಷ್ಟಪ್ಪಾ ಅಂತ ಕೇಳೋಕೆ ಬಾಯಿ ತೆಗೆದೆ, ಫೋನ್ ಬಂತು. ಹೋದ್ಲು ಅಂದ್ರು. ನಿಮ್ಮ ಪೇಪರಿನಲ್ಲಿ ನಾನು ಅಳ್ತಾ ಇರೋದು ಅದಕ್ಕೆ.”

ದುಭಾಷಿ ನಡುವೆ ಒಂದು ಗುಟುಕು ನೀರು ಕುಡಿದು ತಿರುಗಿಸಿದಳು. ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಬಾಯಿ ಒಮ್ಮೆ ತೆರೆದರೆ ಮುಚ್ಚಿಸುವುದು ಕಷ್ಟ, ಮನೆಯಲ್ಲಿ ಎಲ್ಲರಿಗೂ ಗೊತ್ತು.

“ಬೆಲೆ ಏರಿದೆಯಾ ಅಂದ್ರೆ, ಏರಿದೆ. ಎಣ್ಣೆ ಏರಿದೆ, ಬೇಳೆ ಏರಿದೆ, ಬಸ್ ಚಾರ್ಜು ಏರಿದೆ. ಅದಕ್ಕೆ ಯಾರೂ ನಿಂತು ಅಳಲ್ಲ ಮೇಡಂ. ಬೈತೀವಿ. ಅಂಗಡಿಯವನನ್ನ ಬೈತೀವಿ, ಸರ್ಕಾರಾನ ಬೈತೀವಿ, ಗಂಡನ್ನ ಬೈತೀವಿ. ಬೈದು, ಒಂದು ಹಿಡಿ ಕಮ್ಮಿ ತಗೊಂಡು ಮನೆಗೆ ಹೋಗಿ ಅಡುಗೆ ಮಾಡ್ತೀವಿ. ಮಾರನೇ ದಿನ ಮತ್ತೆ ಹೋಗ್ತೀವಿ. ಮುಳುಗಿಲ್ಲ ನಾವು. ಸುಖವಾಗೂ ಇಲ್ಲ. ರೇಟಿನ ವಿಷಯ ನೀವಿಬ್ಬರೂ ಸೇರಿ ಏನಾದ್ರೂ ಮಾಡ್ಕೊಳ್ಳಿ. ಆ ಕಣ್ಣೀರು ಮಾತ್ರ ನಮ್ಮಕ್ಕಂದು. ಇಳಿಸೋಕೂ ಅದನ್ನ ಸೇರಿಸ್ಬೇಡಿ, ಏರಿಸೋಕೂ ಸೇರಿಸ್ಬೇಡಿ.”

ನಾನು ಹೇಳಿದ್ದು ಮೊಳದುದ್ದ, ದುಭಾಷಿ ತಿರುಗಿಸಿದ್ದು ಗೇಣುದ್ದ. ಏನು ಬಿಟ್ಟಳೋ, ಏನು ಇಟ್ಟಳೋ. ನಾನು ಉತ್ತರಕ್ಕೆ ಕಾಯಲಿಲ್ಲ, ಒಳಗೆ ಬಂದು ಒಲೆಯ ಮುಂದೆ ಕೂತೆ. ಆಗ ಅಳು ಬಂತು. ಗಂಡ ಬಂದು ಬೆನ್ನ ಮೇಲೆ ಕೈಯಿಟ್ಟರು. “ಕಿತ್ತಳೆ ಅಂತ ನನಗೂ ಹೇಳಿರಲಿಲ್ಲ ನೀನು” ಎಂದರು.

ಆರ್ಡರ್ ಬಂತು. ಹಳೆಯ ರೇಟಿಗೇ ಬಂತು, ಆದರೆ ವರ್ಷಕ್ಕಲ್ಲ, ಆರು ತಿಂಗಳಿಗೆ. ಆಮೇಲೆ ನೋಡೋಣ ಎಂದರಂತೆ. ಗೆದ್ದೆವೋ ಸೋತೆವೋ ಯಾರಿಗೂ ಗೊತ್ತಾಗಲಿಲ್ಲ, ನಲ್ಲಿ ಮಾಡುವವರು ಮಾಡುತ್ತಿದ್ದಾರೆ, ನನ್ನ ಮನೆಯವರು ಸೋರುವುದನ್ನು ನೋಡುತ್ತಿದ್ದಾರೆ. ನನ್ನ ಊಟದ ರೇಟು ಇನ್ನೂ “ನೋಡೋಣಮ್ಮ”ದಲ್ಲೇ ಇದೆ. ಆದರೆ ಒಂದು ಮಾತು ಒಪ್ಪಬೇಕು. ನಾನು ಅವರ ಮಾತಿನಂತೆ ಅಳದಿದ್ದರೂ ತಣ್ಣೀರು ಅವರ ಮಾತು ಉಳಿಸಿಕೊಂಡರು. ನನ್ನೆದುರೇ ಭಾವಮೈದುನನಿಗೆ ಫೋನ್ ಮಾಡಿದರು. “ಅದೊಂದನ್ನ ತೆಗೆದು ಬೇರೆ ಏನಾದ್ರೂ ಹಾಕೋ ಮಾರಾಯ” ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವತ್ತು ಅವರ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದೆ.

ನಿನ್ನೆ ಸಂಜೆ ಹೊಸ ಅಂಕಿ ಹೊರಬಿತ್ತು. ಬೇಕೆಂದೇ ಟಿವಿ ಹಾಕಿಸಿದೆ. ಮೂವರೂ ತಟ್ಟೆ ಹಿಡಿದು ಕೂತೆವು. ಕೆಂಪು ಬಾಣ ಹಾರಿತು. ಸಂಗೀತ ಬಂತು.

ನಾನು ಬರಲಿಲ್ಲ.

“ಅಮ್ಮಾ! ನೀನಿಲ್ಲ!” ಎಂದು ಮಗಳು ಕೂಗಿಕೊಂಡು ಮಂಚದಿಂದ ಹಾರಿದಳು. “ಅಂತೂ ನಿನ್ನ ಸೋರಿಕೆ ನಿಲ್ಲಿಸಿದ್ರಪ್ಪ” ಎಂದು ಇವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಪರದೆ ನೋಡಿದೆ.

ನನ್ನ ಜಾಗದಲ್ಲಿ ಇನ್ನೊಬ್ಬಳಿದ್ದಳು. ನನಗಿಂತ ಚಿಕ್ಕವಳು, ಹಳದಿ ಅಂಗಿ. ಸಾಲು ಅಂಗಡಿಗಳ ನಡುವೆ ನಿಂತು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಬೆಲೆ ಏರಿಕೆಯಿಂದ ಕಂಗಾಲಾದ ಗೃಹಿಣಿ ಎಂದು ಸುದ್ದಿಯವನು ಹೇಳುತ್ತಿದ್ದ. ಅವಳ ಕಾಲಬಳಿ ಚೀಲವಿತ್ತು. ಚೀಲ ತುಂಬಿತ್ತು. ಮೇಲೆ ಸೊಪ್ಪು, ಅದರ ಕೆಳಗೆ ಆಲೂಗಡ್ಡೆ, ಪಕ್ಕದಲ್ಲಿ ಬ್ರೆಡ್ಡು. ಬೇಕಾದ್ದನ್ನೆಲ್ಲ ಕೊಂಡಾಗಿತ್ತು. ಇನ್ನು ಮನೆಗೆ ಹೋಗುವುದಷ್ಟೇ ಇತ್ತು. ಒಂದು ಕೈ ಮಾತ್ರ ಕಾಣುತ್ತಿತ್ತು, ಇನ್ನೊಂದು ಚಿತ್ರದ ಹೊರಗಿತ್ತು.

ನನ್ನ ನಗು ನಿಂತಿತು. ನನ್ನನ್ನು ತೆಗೆದು ಬೇರೆ ಏನಾದರೂ ಹಾಕು ಎಂದರಲ್ಲ, ಆ ಬೇರೆ ಏನಾದರೂ ಇವಳು.

“ಯಾರು ಹೋದರು ತಾಯಿ?” ಎಂದು ಕೇಳಿದೆ. ಬಾಯಿಂದ ಹೊರಗೇ ಬಂದುಬಿಟ್ಟಿತು.

“ಯಾರನ್ನ ಕೇಳ್ತಿದೀಯಮ್ಮ?” ಎಂದಳು ಮಗಳು. ಅಷ್ಟರಲ್ಲಿ ಹವಾಮಾನ ಬಂದಿತ್ತು.

ನಾನು ತಟ್ಟೆ ಕೆಳಗಿಟ್ಟು ಎದ್ದು ಚಪ್ಪಲಿ ಹುಡುಕಿದೆ. “ಆ ಚಾನೆಲ್ಲಿನ ಕೋಣೆಯವನನ್ನ ಕೇಳ್ಬೇಕು, ಇವಳು ಯಾಕೆ ಅತ್ಲು ಅಂತ” ಎಂದೆ. ಇವರು ಕೈ ತೊಳೆದು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ತಾವೂ ಚಪ್ಪಲಿ ಹಾಕಿಕೊಂಡರು.